ಇರುಳಿಡೀ ಕುದ್ದ ಕಟ್ಟು, ಗಂಟೆಯೊಳಗಿನ ಸಾರು

ಎತ್ತಿಗೆ ಕಾಳು, ಮನೆಮಂದಿಗೆ ಕಟ್ಟು: ಮಲೆನಾಡಿನ ಮಳೆಗಾಲ ಹೀಗೆ ಸಾಗುತ್ತಿತ್ತು. ಎತ್ತು ಹೋಯಿತು, ಬಚ್ಚಲೊಲೆ ಆರಿತು, ಹುರುಳಿ ಸಾರಿನ ಆಸೆ ಮಾತ್ರ ಉಳಿಯಿತು. ಒಂದು ಕುಕ್ಕರು, ಎರಡು ಟೀ ಚಮಚ ಎಣ್ಣೆ, ಒಂದು ಗಂಟೆಯ ಬಿಡುವು. ಇಷ್ಟರಲ್ಲಿ ಆ ಸಾರು ಆದೀತೇ? ಆಗುತ್ತದೆ, ಇರುಳಿಡೀ ಉರಿದ ಒಲೆ ಮಾಡುತ್ತಿದ್ದ ಕೆಲಸ ಯಾವುದೆಂದು ತಿಳಿದಿದ್ದರೆ.

ಆಷಾಢದ ಮಳೆ ಹಿಡಿದರೆ ಮಲೆನಾಡಿನ ಹಳೆಯ ಮನೆಗಳಲ್ಲಿ ಹುರುಳಿ ಬೇಯುತ್ತಿದ್ದುದು ಅಡುಗೆಮನೆಯಲ್ಲಲ್ಲ, ಬಚ್ಚಲುಮನೆಯಲ್ಲಿ. ಸ್ನಾನದ ಹಂಡೆ ಒಂದು ಕಡೆ, ಹುರುಳಿಯ ಚರಿಗೆ ಇನ್ನೊಂದು ಕಡೆ, ಎರಡಕ್ಕೂ ಒಂದೇ ಒಲೆ. ಹೊತ್ತು ಮುಳುಗುವಾಗ ಒಲೆಗೆ ಮರದ ಕುಂಟೆ ತಳ್ಳಿದರೆ ಆಯಿತು. ಬೂದಿಯೊಳಗಿನ ಕೆಂಡ ರಾತ್ರಿಯಿಡೀ ಕಾವು ಕೊಡುತ್ತಿತ್ತು. ಬೆಳಗಿನ ಜಾವಕ್ಕೆ ಕಾಳು ಬಿರಿದು, ನೀರು ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಸೂರಿನಡಿಯೆಲ್ಲ ಹುರುಳಿಯ ಮಣ್ಣುಗಂಧ.

ಆ ಕಾಳು ಮನುಷ್ಯರಿಗಾಗಿ ಬೆಂದದ್ದಲ್ಲ. ನಾಟಿಯ ದಿನಗಳಲ್ಲಿ ಕೆಸರುಗದ್ದೆ ಹೂಡುವ ಎತ್ತು, ಕೋಣಗಳಿಗೆ ಕಸುವು ಬೇಕು. ಕಾಳೆಲ್ಲ ಅವುಗಳ ಬಾನಿಗೆ ಹೋಗುತ್ತಿತ್ತು. ಬಸಿದು ಉಳಿದ ದಪ್ಪ ನೀರು, ಅಂದರೆ ಕಟ್ಟು, ಅಡುಗೆಮನೆಗೆ ಬರುತ್ತಿತ್ತು. ಉಪ್ಪು, ಹುಣಸೆಹುಳಿ, ಮೆಣಸು ಸೇರಿ ಕುದಿದು, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಅದೇ ಹುರುಳಿ ಕಟ್ಟಿನ ಸಾರು.

ಮಳೆಗೆ ನೆನೆದು ಬಂದವರ ಮೈ ಬೆಚ್ಚಗಾಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ಊರಲ್ಲಿ ಇನ್ನೊಂದಿರಲಿಲ್ಲ. ಬಿಸಿ ಅನ್ನಕ್ಕೆ ಸುರಿದುಕೊಳ್ಳಬಹುದು, ಲೋಟದಲ್ಲಿ ಹಾಗೆಯೇ ಕುಡಿಯಬಹುದು. ಮೂರು ದಿನ ಕುದಿಸಿ ಕುದಿಸಿ ಇಟ್ಟರೆ ರುಚಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ದುಡಿಯುವ ಪ್ರಾಣಿಯ ಧಾನ್ಯ

ಹುರುಳಿ ಎಂದೂ ಸಿರಿವಂತರ ಬೆಳೆಯಾಗಿರಲಿಲ್ಲ. ಬೇರೆ ಬೆಳೆ ಕೈಕೊಟ್ಟ ಕೆಮ್ಮಣ್ಣಿನ ಹೊಲದಲ್ಲಿ, ಹಿಂಗಾರಿನ ಹೊತ್ತಿಗೆ, ನೆಲದಲ್ಲಿ ಉಳಿದ ತೇವವನ್ನೇ ನಂಬಿ ಚೆಲ್ಲುವ ಕಾಳು ಇದು. ಗೊಬ್ಬರ ಕೇಳುವುದಿಲ್ಲ, ನೀರಾವರಿ ಕೇಳುವುದಿಲ್ಲ. ದೇಶದಲ್ಲಿ ಇದನ್ನು ಹೆಚ್ಚು ಬೆಳೆಯುವ ರಾಜ್ಯಗಳಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ.

ಈ ನಂಟು ತೀರಾ ಹಳೆಯದು. ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮೊದಲಾದ ನವಶಿಲಾಯುಗದ ನೆಲೆಗಳ ಮಣ್ಣನ್ನು ಜಾಲಿಸಿದಾಗ ಸುಟ್ಟು ಕರಿಕಾದ ಹುರುಳಿ ಕಾಳುಗಳು ಸಿಕ್ಕಿವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಸ್ಯ ಪುರಾತತ್ವಜ್ಞ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರ ಅಧ್ಯಯನದಂತೆ, ದಕ್ಷಿಣದ ಮೊದಲ ರೈತರು ನೆಚ್ಚಿಕೊಂಡ ಬೇಳೆಕಾಳುಗಳು ಮುಖ್ಯವಾಗಿ ಎರಡು: ಹೆಸರು ಮತ್ತು ಹುರುಳಿ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಬಳ್ಳಾರಿಯ ಗುಡ್ಡಗಳಲ್ಲಿ ಯಾರೋ ಹುರುಳಿ ಬೇಯಿಸುತ್ತಿದ್ದರು. ತೊಗರಿ ಬೇಳೆಯ ಸಾರಿಗೆ ಅಷ್ಟು ಉದ್ದದ ವಂಶಾವಳಿ ಇಲ್ಲಿ ಇಲ್ಲ.

ಆಮೇಲಿನ ಶತಮಾನಗಳಲ್ಲಿ ಹುರುಳಿ ಪ್ರಾಣಿಗಳ ಪಾಲಾಯಿತು. ಬಯಲುಸೀಮೆಯ ಹಳ್ಳಿಕಾರ್ ಎತ್ತುಗಳಿಗೆ ಹುರುಳಿ, ಬ್ರಿಟಿಷರ ಕುದುರೆ ಪಡೆಗಳಿಗೆ ಹುರುಳಿ, ಕರಾವಳಿಯ ಕಂಬಳದ ಕೋಣಗಳಿಗೆ ಇಂದಿಗೂ ಹುರುಳಿ. ಕೋಣ ಸಾಕುವ ಮನೆಗಳಲ್ಲಿ ನವೆಂಬರಿನಿಂದ ಮಾರ್ಚ್‌ವರೆಗಿನ ಕಂಬಳದ ದಿನಗಳಲ್ಲಿ ಹುರುಳಿಯ ಹಂಡೆ ಒಲೆಯಿಂದ ಇಳಿಯುವುದೇ ಅಪರೂಪ.

ಅಂದರೆ ಕಟ್ಟಿನ ಸಾರು ಹುಟ್ಟಿದ್ದು ಬೇರೆಯವರ ಊಟದ ಬಸಿನೀರಿನಿಂದ. ಮೂಲದಲ್ಲಿ ಅದು ಹಗುರವೇ. ಕೊಬ್ಬಿಲ್ಲ, ತೆಂಗಿಲ್ಲ, ಒಗ್ಗರಣೆಗೆ ಒಂದಿಷ್ಟು ಎಣ್ಣೆ ಅಷ್ಟೇ. ಭಾರ ಬಂದದ್ದು ಆಮೇಲೆ, ಕಾಳು ಮನುಷ್ಯರ ತಟ್ಟೆಗೇ ಬಂದು ಸಾರಿಗೆ ಮಸಾಲೆಯ ಸಂಭ್ರಮ ಸೇರಿದಾಗ.

> ಒಂದೇ ಕಾಳು, ಹಲವು ಬಟ್ಟಲು
>
> ಹಳೇ ಮೈಸೂರು: ಕಾಳು ಬಸಿದು ಪಲ್ಯ, ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ ರುಬ್ಬಿ ಹಾಕಿದ ಬಸ್ಸಾರು. ಜೊತೆಗೆ ರಾಗಿ ಮುದ್ದೆ. ಕಾಳು ಮೊಳಕೆ ಕಟ್ಟಿದರೆ ಅದು ಇನ್ನೊಂದೇ ಸಾರು.
>
> ಕರಾವಳಿ: ತುಳುವರ ಕುಡುತ ಸಾರ್, ಕೊಂಕಣಿಗರ ಕುಳ್ತಾ ಸಾರು. ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆಯೇ ಇಲ್ಲಿ ಯಜಮಾನ. ಬೆಂದ ಕಾಳು ಉಪ್ಕರಿಯಾಗುತ್ತದೆ.
>
> ಆಂಧ್ರ: ಉಲವಚಾರು. ಗಂಟೆಗಟ್ಟಲೆ ಬತ್ತಿಸಿ, ಮೇಲೆ ಕೆನೆಯೋ ಬೆಣ್ಣೆಯೋ ಹಾಕಿ ಬಡಿಸುವ ಮದುವೆ ಮನೆಯ ಭಾರೀ ಸಾರು.
>
> ತಮಿಳುನಾಡಿನ ಕೊಂಗುನಾಡು: ಕೊಳ್ಳು ರಸಂ, ಕೊಳ್ಳು ಪರುಪ್ಪು.
>
> ಮಹಾರಾಷ್ಟ್ರದ ಕೊಂಕಣ: ಹುರಿದು ಬೀಸಿದ ಹಿಟ್ಟಿನಿಂದ ಚಿಟಿಕೆಯಲ್ಲಿ ಆಗುವ ಕುಳಿಥ್ ಪಿಠಲೆ.
>
> ಉತ್ತರಾಖಂಡ: ಗಹತ್ ದಾಲ್; ನೆನೆಸಿ ರುಬ್ಬಿ ಬೇಯಿಸುವ ಫಾಣು. ಅಲ್ಲಿಯೂ ಇದು ಚಳಿಯ ದಿನಗಳ ಊಟ.

ಯಾಕಿಷ್ಟು ಹೊತ್ತು?

ಹುರುಳಿಯ ಮೊಂಡುತನ ಇರುವುದು ಸಿಪ್ಪೆಯಲ್ಲಿ. ಬರಗಾಲದಲ್ಲೂ ಬದುಕಬೇಕಾದ ಬೀಜ ತನ್ನ ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡಿರುತ್ತದೆ. ನೀರು ಒಳಗೆ ಇಳಿಯಲು ತಾಸುಗಳು ಬೇಕು. ಇಳಿದ ಮೇಲೂ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಬೇಕು. ಅದು ಕರಗದ ಹೊರತು ಕಾಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವುದಿಲ್ಲ.

ನೀರು ಗಡಸಾಗಿದ್ದರೆ ಕಷ್ಟ ಇಮ್ಮಡಿ. ಬಯಲುಸೀಮೆಯ ಕೊಳವೆಬಾವಿಗಳ ನೀರಿನಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನಿಗೆ ಇನ್ನಷ್ಟು ಬಿಗಿ ಕೊಡುತ್ತದೆ. ಎಷ್ಟು ಬೇಯಿಸಿದರೂ ಬೇಯದ ಕಾಳಿಗೆ ಅಂಗಡಿಯವನನ್ನು ಬೈಯುವ ಮೊದಲು ನಲ್ಲಿಯನ್ನೊಮ್ಮೆ ನೋಡುವುದು ಒಳಿತು. ಕುಡಿಯಲು ಶುದ್ಧೀಕರಿಸಿದ ನೀರಿನಲ್ಲಿ ಅದೇ ಕಾಳು ಸಲೀಸಾಗಿ ಬೇಯುತ್ತದೆ. ಹಳೆಯ ದಾಸ್ತಾನಿನ ಕಾಳು ಮಾತ್ರ ಯಾವ ನೀರಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಹುಳಿಯೂ ಅಷ್ಟೇ. ಹುಣಸೆಹಣ್ಣು, ಟೊಮೆಟೊ ಮೊದಲೇ ಬಿದ್ದರೆ ಕಾಳು ಬಿಗಿದುಕೊಂಡು ಕೂರುತ್ತದೆ. ಬೆಂದ ಮೇಲೆಯೇ ಹುಳಿ ಎಂಬ ಅಜ್ಜಿಯರ ಕಟ್ಟಳೆಗೆ ರಸಾಯನಶಾಸ್ತ್ರದ ಪೂರ್ತಿ ಒಪ್ಪಿಗೆಯಿದೆ. ಬೇಯುವ ಮೊದಲು ಉಪ್ಪು ಬೇಡವೆಂಬ ಕಟ್ಟಳೆಗೆ ಮಾತ್ರ ಇಲ್ಲ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಅದರ ಸೋಡಿಯಂ ಸಿಪ್ಪೆಯಲ್ಲಿನ ಕ್ಯಾಲ್ಸಿಯಂ ಅನ್ನು ಸರಿಸಿ ಕಾಳನ್ನು ಬೇಗ ಮೆದುಗೊಳಿಸುತ್ತದೆ. ಅಡುಗೆ ಸೋಡವೂ ಮೆದುಗೊಳಿಸುತ್ತದೆ ನಿಜ. ಆದರೆ ಅದು ಬಿ1 ಜೀವಸತ್ವವನ್ನು ಹಾಳುಮಾಡಿ ಸಾರಿಗೆ ಸಾಬೂನಿನ ರುಚಿ ತರುತ್ತದೆ, ಹಾಗಾಗಿ ಬೇಡ.

ಇನ್ನು ಊರಿನ ಎತ್ತರ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ತೆರೆದ ಪಾತ್ರೆಯಲ್ಲಿ ಎಷ್ಟು ಉರಿ ಹಾಕಿದರೂ ಕಾವು ಅದಕ್ಕಿಂತ ಮೇಲೇರುವುದಿಲ್ಲ, ಸೌದೆ ಖರ್ಚಾಗುವುದಷ್ಟೇ. ಮಂಗಳೂರಿನ ಹುರುಳಿ ಬೇಯುವಷ್ಟು ಬೇಗ ಘಟ್ಟದ ಮೇಲಿನದು ಬೇಯದಿರಲು ಇದೂ ಒಂದು ಕಾರಣ.

ಕುಕ್ಕರು ಈ ತಡೆಯನ್ನು ದಾಟಿಸುತ್ತದೆ. ಮುಚ್ಚಳದೊಳಗೆ ಒತ್ತಡ ಏರಿದಂತೆ ನೀರು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಹತ್ತು ಡಿಗ್ರಿ ಏರಿದರೆ ಬೇಯುವ ವೇಗ ಅಂದಾಜು ಇಮ್ಮಡಿಯಾಗುತ್ತದೆ ಎಂದು ಹಿಡಿದರೆ, ತೆರೆದ ಪಾತ್ರೆಯ ಎರಡು ಗಂಟೆಯ ಕೆಲಸ ಕುಕ್ಕರಿನಲ್ಲಿ ಅರ್ಧ ಗಂಟೆಗೆ ಇಳಿಯುತ್ತದೆ. ವಿದೇಶದ ಕನ್ನಡಿಗರ ಮನೆಗಳಲ್ಲಿ ಈಗ ಹೆಚ್ಚಾಗಿರುವ ವಿದ್ಯುತ್ ಕುಕ್ಕರುಗಳ ಒತ್ತಡ ನಮ್ಮ ವಿಷಲ್ ಕುಕ್ಕರಿಗಿಂತ ಸ್ವಲ್ಪ ಕಡಿಮೆ. ಅಲ್ಲಿ ಐದಾರು ನಿಮಿಷ ಹೆಚ್ಚು ಇಡಬೇಕಾಗುತ್ತದೆ.

> ಮೂಳೆ ಕರಗಿಸಿದ ಪಾತ್ರೆ
>
> ಕುಕ್ಕರಿನ ಮೂಲಪುರುಷ ಫ್ರಾನ್ಸಿನ ಡೆನಿಸ್ ಪಾಪಿನ್. 1679ರಲ್ಲಿ ಅವನು ಲಂಡನ್ನಿನಲ್ಲಿ ತನ್ನ ‘ಜೀರ್ಣಯಂತ್ರ’ವನ್ನು ತೋರಿಸಿದ. 1682ರ ಏಪ್ರಿಲ್‌ನಲ್ಲಿ ರಾಯಲ್ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿದ ರಾತ್ರಿಯೂಟ ಏರ್ಪಾಡಾಯಿತು. ಅತಿ ಗಟ್ಟಿ ಮೂಳೆಗಳೂ ಚೀಸಿನಷ್ಟು ಮೆತ್ತಗಾಗಿದ್ದವೆಂದು ಅತಿಥಿಗಳಲ್ಲೊಬ್ಬನಾದ ಜಾನ್ ಈವ್ಲಿನ್ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಭಾರತದಲ್ಲಿ ತಯಾರಾದ ಕುಕ್ಕರುಗಳು ಮನೆಮನೆಗೆ ಬರತೊಡಗಿದ್ದು 1950ರ ದಶಕದ ಕೊನೆಯ ನಂತರ.

ಭಾರ ಎಲ್ಲಿ ಅಡಗಿದೆ

ಬೇಗ ಮಾಡುವುದು ಒಂದು ಪ್ರಶ್ನೆ, ಹಗುರ ಮಾಡುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡವರು ಸಾರಿಗೆ ನೀರು ಬೆರೆಸಿ ಕೈತೊಳೆದುಕೊಳ್ಳುತ್ತಾರೆ. ತೆಳ್ಳಗಾದ ಮಾತ್ರಕ್ಕೆ ಸಾರು ಹಗುರವಾಗುವುದಿಲ್ಲ, ಸಪ್ಪೆಯಾಗುತ್ತದೆ.

ಕಾಳು ಇಲ್ಲಿ ತಪ್ಪಿತಸ್ಥನಲ್ಲ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ, ಕೊಬ್ಬು ಒಂದು ಗ್ರಾಮಿಗೂ ಕಡಿಮೆ. ನಮ್ಮ ಬೇಳೆಕಾಳುಗಳಲ್ಲೇ ಇಷ್ಟು ಕಡಿಮೆ ಕೊಬ್ಬಿನದು ಅಪರೂಪ. ಭಾರ ಇರುವುದು ಮಸಾಲೆಯಲ್ಲಿ.

ನಾಲ್ವರಿಗೆ ಮಾಡುವ ಧಾರಾಳ ಕೈಯ ಬಸ್ಸಾರಿಗೆ ಅರ್ಧ ತೆಂಗಿನಕಾಯಿ, ಮಸಾಲೆ ಹುರಿಯಲು ಮತ್ತು ಒಗ್ಗರಣೆಗೆ ಸೇರಿ ಮೂರು ದೊಡ್ಡ ಚಮಚ ಎಣ್ಣೆ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಅರ್ಧ ಕಾಯಿಯ ಹಸಿ ತುರಿ ನೂರು ಗ್ರಾಂ ಎಂದು ಹಿಡಿದರೆ ಅದರಲ್ಲಿ ಸುಮಾರು 40 ಗ್ರಾಂ ಕೊಬ್ಬು, 400ಕ್ಕೂ ಹೆಚ್ಚು ಕ್ಯಾಲರಿ. ಮೂರು ಚಮಚ ಎಣ್ಣೆಯಿಂದ ಮತ್ತೆ 360. ಕಾಳಿನ ಲೆಕ್ಕ ಬಿಟ್ಟು, ಅನ್ನ ಮುದ್ದೆಗಳ ಲೆಕ್ಕವನ್ನೂ ಬಿಟ್ಟು, ತಲೆಗೆ 190 ಕ್ಯಾಲರಿಯಷ್ಟು ಮಸಾಲೆಯಿಂದಲೇ ಬಂತು. ಗದ್ದೆಯಲ್ಲಿ ದಿನವಿಡೀ ದುಡಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಕುರ್ಚಿಯಲ್ಲಿ ಕೂತು ದಿನ ಕಳೆದವರಿಗೆ ರಾತ್ರಿ ಎದೆಯುರಿಗೆ ಇಷ್ಟು ಸಾಕು.

ಅದೇ ಸಾರಿಗೆ ಒಂದು ದೊಡ್ಡ ಚಮಚ ತೆಂಗಿನ ತುರಿ, ಎರಡು ಟೀ ಚಮಚ ಎಣ್ಣೆ ಇಟ್ಟರೆ ತಲೆಗೆ 30 ಕ್ಯಾಲರಿ ಆಗುತ್ತದೆ. ತೆಂಗು ಕೊಡುತ್ತಿದ್ದ ಮಂದತನವನ್ನು ಬೆಂದ ಕಾಳೇ ಕೊಡಬಲ್ಲದು. ಎರಡು ಮೂರು ಚಮಚ ಕಾಳನ್ನು ಮಸಾಲೆಯೊಂದಿಗೆ ನುಣ್ಣಗೆ ರುಬ್ಬಿದರೆ ಅದರ ಪಿಷ್ಟ ಸಾರನ್ನು ಹಿಡಿದು ನಿಲ್ಲಿಸುತ್ತದೆ. ಎಣ್ಣೆ ಕೊಡುತ್ತಿದ್ದ ಘಮವನ್ನು ಒಣ ಹುರಿತ ಕೊಡುತ್ತದೆ. ಉಳಿದದ್ದು ಬೆಳ್ಳುಳ್ಳಿ, ಮೆಣಸು, ಜೀರಿಗೆಯ ಕೆಲಸ; ಈ ಮೂರರಲ್ಲಿ ಜಿಪುಣತನ ಸಲ್ಲದು.

ಒಲೆಯ ಮುಂದೆ

ಮೊದಲ ಕೆಲಸ ಕಲ್ಲು ಆರಿಸುವುದು. ಹುರುಳಿಯಷ್ಟೇ ಗಾತ್ರದ, ಹುರುಳಿಯದೇ ಬಣ್ಣದ ಕಲ್ಲುಗಳು ಈ ಕಾಳಿನಲ್ಲಿ ಇದ್ದೇ ಇರುತ್ತವೆ. ಮೊರದಲ್ಲಿ ಕೇರಿ, ಆಮೇಲೆ ನೀರಿನಲ್ಲಿ ಎರಡು ಸಲ ಜಾಲಿಸಿ, ಪಾತ್ರೆಯ ತಳದಲ್ಲಿ ಉಳಿದ ಕೊನೆಯ ಹಿಡಿಯನ್ನು ಅನುಮಾನದಿಂದಲೇ ನೋಡಬೇಕು. ಇಲ್ಲಿ ಉಳಿಸಿದ ಎರಡು ನಿಮಿಷ ಹಲ್ಲಿನ ಡಾಕ್ಟರ ಬಳಿ ವಸೂಲಾಗುತ್ತದೆ.

ಎರಡನೆಯದು ಹುರಿಯುವುದು. ತೊಳೆದು ಆರಿದ ಕಾಳನ್ನು ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆಯಿಲ್ಲದೆ, ಮಧ್ಯಮ ಉರಿಯಲ್ಲಿ ಐದು ನಿಮಿಷ ಕೈಯಾಡಿಸಬೇಕು. ಬಣ್ಣ ಒಂದು ಛಾಯೆ ಗಾಢವಾಗಿ, ಅಲ್ಲೊಂದು ಇಲ್ಲೊಂದು ಕಾಳು ಚಟಪಟ ಎಂದಾಗ ಸರಿಯಾದ ಹದ. ಕಪ್ಪಾದರೆ ಸಾರು ಕಹಿ. ಈ ಹುರಿತ ಎರಡು ಕೆಲಸ ಮಾಡುತ್ತದೆ: ಸಿಪ್ಪೆಯಲ್ಲಿ ಸಣ್ಣ ಬಿರುಕು ಬಿಡಿಸುತ್ತದೆ, ರಾತ್ರಿಯಿಡೀ ಕುದ್ದ ಕಟ್ಟಿನಲ್ಲಿ ಬರುತ್ತಿದ್ದ ಆಳದ ರುಚಿಯನ್ನು ಅರ್ಧದಷ್ಟಾದರೂ ಮುಂಚಿತವಾಗಿ ತಂದುಕೊಡುತ್ತದೆ. ಒಂದು ಕಿಲೋ ಒಮ್ಮೆಲೇ ಹುರಿದು ಡಬ್ಬಿಗೆ ಹಾಕಿಟ್ಟರೆ ತಿಂಗಳ ಚಿಂತೆ ಕಳೆಯುತ್ತದೆ.

ನಾಲ್ವರಿಗೆ ನೂರು ಗ್ರಾಂ, ಅಂದರೆ ಅರ್ಧ ಲೋಟದಷ್ಟು ಕಾಳು ಸಾಕು. ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಚಿಟಿಕೆ ಉಪ್ಪಿನ ನೀರಲ್ಲಿ ನೆನೆಹಾಕಿ ಹೋದರೆ ಸಂಜೆಗೆ ಉಬ್ಬಿ ಸಿದ್ಧವಾಗಿರುತ್ತದೆ. ನೆನೆದ ನೀರನ್ನು ಚೆಲ್ಲಬೇಕೇ ಉಳಿಸಬೇಕೇ ಎಂಬುದು ಮನೆಮನೆಯ ಜಗಳ. ಹೊಟ್ಟೆಯುಬ್ಬರ ತರುವ ಸಕ್ಕರೆಗಳು ಆ ನೀರಿಗೆ ಇಳಿದಿರುತ್ತವೆ, ಸ್ವಲ್ಪ ಬಣ್ಣ ಮತ್ತು ಸತ್ವವೂ ಇಳಿದಿರುತ್ತವೆ. ಹಗುರವಾದ ಸಾರು ಬೇಕೆಂದು ಹೊರಟವರು ಚೆಲ್ಲುವುದೇ ವಾಸಿ.

ಕುಕ್ಕರಿಗೆ ಹೊಸದಾಗಿ ಐದು ಲೋಟ ನೀರು, ಚಿಟಿಕೆ ಅರಿಶಿನ, ಒಂದು ಹನಿ ಎಣ್ಣೆ. ಹುರುಳಿ ಬೇಯುವಾಗ ನೊರೆ ಉಕ್ಕುತ್ತದೆ. ಆ ಹನಿ ಎಣ್ಣೆ ಅದನ್ನು ಅಡಗಿಸುತ್ತದೆ. ಕುಕ್ಕರು ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಇಲ್ಲವಾದರೆ ನೊರೆ ವಿಷಲಿನ ಕೊಳವೆಗೇ ಸಿಕ್ಕಿಕೊಳ್ಳುತ್ತದೆ. ಮೊದಲ ಕೂಗಿನ ನಂತರ ಉರಿ ತಗ್ಗಿಸಿ ಇಪ್ಪತ್ತು ನಿಮಿಷ. ಆರಿಸಿದ ಮೇಲೆ ಒತ್ತಡ ತಾನಾಗಿಯೇ ಇಳಿಯಲಿ. ಆ ಹತ್ತು ನಿಮಿಷವೂ ಒಳಗೆ ಕಾಳು ಬೇಯುತ್ತಲೇ ಇರುತ್ತದೆ.

ಅಷ್ಟರಲ್ಲಿ ಮಸಾಲೆ. ಎರಡು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಧನಿಯ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಮಾಡಬೇಕು. ಒಂದು ಸಣ್ಣ ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿಯನ್ನು ಬರಿಯ ಕಾವಲಿಯಲ್ಲಿ ಮಚ್ಚೆ ಬೀಳುವಂತೆ ಸುಡಬೇಕು. ಸುಟ್ಟ ಈರುಳ್ಳಿಗೆ ಎಣ್ಣೆಯಲ್ಲಿ ಬಾಡಿಸಿದ್ದಕ್ಕಿಂತ ಬೇರೆಯೇ ರುಚಿ. ಸೌದೆ ಒಲೆಯ ನೆನಪು ತರುವುದು ಅದೇ. ಇವೆಲ್ಲದರ ಜೊತೆಗೆ ಒಂದು ಚಮಚ ತೆಂಗಿನ ತುರಿ, ಗೋಲಿ ಗಾತ್ರದ ಹುಣಸೆಹಣ್ಣು, ಬೆಂದ ಕಾಳು ಮೂರು ಚಮಚ ಸೇರಿಸಿ ನುಣ್ಣಗೆ ರುಬ್ಬಿದರೆ ಮಸಾಲೆ ಆಯಿತು.

ಕಟ್ಟನ್ನು ಬಸಿದುಕೊಂಡು ಅಗಲ ಬಾಯಿಯ ಪಾತ್ರೆಗೆ ಹಾಕಬೇಕು. ಅಗಲವೇ ಇಲ್ಲಿನ ಗುಟ್ಟು. ನೀರು ಆವಿಯಾಗುವುದು ಮೇಲ್ಮೈಯಿಂದ, ಹಾಗಾಗಿ ಕಿರಿದಾದ ಪಾತ್ರೆಯಲ್ಲಿ ಅರ್ಧ ಗಂಟೆ ಹಿಡಿಯುವ ಬತ್ತುವಿಕೆ ಬಾಣಲೆಯಲ್ಲಿ ಏಳೆಂಟು ನಿಮಿಷಕ್ಕೆ ಆಗುತ್ತದೆ. ಮೂರನೇ ಒಂದು ಪಾಲು ಬತ್ತಿದ ಮೇಲೆ ಮಸಾಲೆ, ಉಪ್ಪು ಸೇರಿಸಿ ಐದು ನಿಮಿಷ ಕುದಿಸಿದರೆ ಮುಗಿಯಿತು. ಉಪ್ಪಿನಲ್ಲಿ ಕೈ ಹಿಡಿತವಿರಲಿ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹುಳಿ, ಖಾರ ಹದವಾಗಿದ್ದರೆ ಕಡಿಮೆ ಉಪ್ಪು ನಾಲಿಗೆಗೆ ಗೊತ್ತಾಗುವುದಿಲ್ಲ.

ಒಗ್ಗರಣೆ ಕೊನೆಗೆ. ಎರಡು ಟೀ ಚಮಚ ಎಣ್ಣೆಯೋ ತುಪ್ಪವೋ, ಸಾಸಿವೆ, ಒಂದು ಒಣಮೆಣಸಿನಕಾಯಿ, ಕರಿಬೇವು, ಸಿಪ್ಪೆ ಸಮೇತ ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ ಕೆಂಪಗಾಗುವವರೆಗೆ. ಎಣ್ಣೆ ಸ್ವಲ್ಪವೇ ಇರುವುದರಿಂದ ಅದು ಸಾರಿನೊಳಗೆ ಕುದ್ದು ಕಳೆದುಹೋಗಬಾರದು. ಮೇಲೆ ತೇಲಿದರೆ ಮೊದಲ ತುತ್ತಿಗೇ ಮೂಗಿಗೆ ಸಿಗುತ್ತದೆ.

ನೆನೆಸಿಟ್ಟ ಕಾಳಿದ್ದರೆ ಒಲೆಯ ಮುಂದಿನ ಒಟ್ಟು ಸಮಯ ಐವತ್ತು ನಿಮಿಷ ದಾಟುವುದಿಲ್ಲ. ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಕುಕ್ಕರು ದುಡಿಯುತ್ತದೆ, ಮನುಷ್ಯರಲ್ಲ.

ನೆನೆಹಾಕಲು ಮರೆತವರಿಗೆ

ಸಿಪ್ಪೆಯೇ ಅಡ್ಡಿಯಾದರೆ ಸಿಪ್ಪೆಯನ್ನು ಒಡೆಯುವುದು ಇನ್ನೂ ಹತ್ತಿರದ ದಾರಿ. ಹುರಿದ ಹುರುಳಿಯನ್ನು ಮಿಕ್ಸಿಯಲ್ಲಿ ಎರಡು ಮೂರು ಸುತ್ತು ತಿರುಗಿಸಿ ನುಚ್ಚು ಮಾಡಿದರೆ ನೆನೆಸುವ ಗೊಡವೆಯೇ ಇಲ್ಲ. ಕುಕ್ಕರಿನಲ್ಲಿ ಹದಿನೈದು ನಿಮಿಷಕ್ಕೆ ಬೆಂದು ಕರಗುತ್ತದೆ. ತಳ ಹಿಡಿಯುವ ಸ್ವಭಾವ ಇದಕ್ಕಿದೆ, ಹಾಗಾಗಿ ನೀರು ಒಂದು ಲೋಟ ಹೆಚ್ಚು, ಉರಿ ತುಸು ಕಡಿಮೆ. ಬಸಿಯಲು ಕಾಳು ಉಳಿಯುವುದಿಲ್ಲ, ಎಲ್ಲವೂ ಸಾರಿನಲ್ಲೇ.

ಹಿಟ್ಟಿನ ದಾರಿ ಅದಕ್ಕಿಂತಲೂ ಚಿಕ್ಕದು. ಕೊಂಕಣದ ಮನೆಗಳಲ್ಲಿ ಹುರಿದ ಹುರುಳಿಯ ಹಿಟ್ಟಿನ ಡಬ್ಬಿ ಮಳೆಗಾಲಕ್ಕೆ ಮೊದಲೇ ತುಂಬಿರುತ್ತದೆ. ನೆಂಟರು ಹೇಳದೆ ಬಂದರೂ ಮನೆಯವರು ಗಾಬರಿಯಾಗದಿರುವುದು ಈ ಡಬ್ಬಿಯ ಬಲದಿಂದ. ಮೂರು ದೊಡ್ಡ ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಬೇಕು. ಬಿಸಿನೀರಿಗೆ ಹಾಕಿದರೆ ಗಂಟು ತಪ್ಪಿದ್ದಲ್ಲ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ನಾಲ್ಕು ಲೋಟ ನೀರು ಹಾಕಿ, ಕುದಿ ಬಂದಾಗ ಕದಡಿದ್ದನ್ನು ಸುರಿದು, ಎರಡು ಎಸಳು ಒಣಗಿದ ಪುನರ್ಪುಳಿ ಸೇರಿಸಿ ಹತ್ತು ನಿಮಿಷ ಕೈಯಾಡಿಸಿದರೆ ಮುಗಿಯಿತು. ಕಾಲು ಗಂಟೆಯ ಸಾರು.

ರುಚಿಯಲ್ಲಿ ಇದು ಕಟ್ಟಿನ ಸಾರಿನ ತಮ್ಮನಲ್ಲ, ದಾಯಾದಿ. ಕಟ್ಟಿನ ತಿಳಿ ಇದಕ್ಕಿಲ್ಲ, ಹಿಟ್ಟಿನ ಮಂದತನ ಇದೆ. ಆದರೆ ಪೋಷಣೆಯ ಲೆಕ್ಕದಲ್ಲಿ ಇದೇ ಮುಂದೆ: ಕಾಳಿನ ನಾರು, ಪ್ರೋಟೀನು ಎಲ್ಲವೂ ಬಟ್ಟಲಿನಲ್ಲೇ ಉಳಿಯುತ್ತವೆ.

ಮೊಳಕೆಯ ಸಾರಿಗೆ ಕೈಕೆಲಸ ಕಡಿಮೆ, ಕಾಯುವುದು ಹೆಚ್ಚು. ಎರಡು ದಿನ ಮೊದಲೇ ಯೋಚಿಸಿದವರಿಗೆ ಕುಕ್ಕರಿನಲ್ಲಿ ಎಂಟು ಹತ್ತು ನಿಮಿಷ ಸಾಕು. ಮೊಳಕೆಯೊಡೆದಾಗ ಖನಿಜಗಳನ್ನು ಹಿಡಿದಿಟ್ಟಿದ್ದ ಫೈಟಿಕ್ ಆಮ್ಲ ತಗ್ಗುತ್ತದೆ, ಸಿ ಜೀವಸತ್ವ ಹೊಸದಾಗಿ ಹುಟ್ಟುತ್ತದೆ. ಹಸಿ ಮೊಳಕೆಯನ್ನು ಕೋಸಂಬರಿಗೆ ಸುರಿಯುವ ಉತ್ಸಾಹ ಮಾತ್ರ ಹೆಸರುಕಾಳಿಗೆ ಇರಲಿ. ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಬರುವ ಅಂಶಗಳು ಬೇಯದೆ ಹೋಗುವುದಿಲ್ಲ.

> ರಕ್ತದ ಗುಂಪಿಗೂ ಹುರುಳಿ
>
> ಹಸಿ ಹುರುಳಿಯಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ಮನುಷ್ಯರ ‘ಎ1’ ಉಪಗುಂಪಿನ ರಕ್ತಕಣಗಳನ್ನು ಹೆಪ್ಪುಗಟ್ಟಿದಂತೆ ಒಟ್ಟುಗೂಡಿಸುತ್ತದೆ. ಹದವಾಗಿ ತೆಳುಗೊಳಿಸಿದಾಗ ‘ಎ2’ ಕಣಗಳನ್ನು ಮುಟ್ಟುವುದಿಲ್ಲ. ಜಿ. ಡಬ್ಲ್ಯು. ಜಿ. ಬರ್ಡ್ ಇದನ್ನು ವರದಿ ಮಾಡಿದ್ದು 1951ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ನಿಯತಕಾಲಿಕದಲ್ಲಿ. ರಕ್ತನಿಧಿಗಳಲ್ಲಿ ಈ ಎರಡು ಉಪಗುಂಪುಗಳನ್ನು ಬೇರ್ಪಡಿಸಲು ಹುರುಳಿಯ ಸಾರವೇ ಇಂದಿಗೂ ಬಳಕೆಯಲ್ಲಿದೆ. ಚೆನ್ನಾಗಿ ಬೆಂದ ಸಾರಿನಲ್ಲಿ ಈ ಲೆಕ್ಟಿನ್ ನಿಷ್ಕ್ರಿಯ.

ಕಟ್ಟಿನಲ್ಲಿ ಏನಿದೆ, ಏನಿಲ್ಲ

ಹುರುಳಿ ಕಟ್ಟು ಕುಡಿದರೆ ಕುದುರೆಯ ಬಲ ಬರುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಕುದುರೆ ತಿನ್ನುವುದು ಕಾಳನ್ನು ಎಂಬುದನ್ನು ನಂಬಿಕೆ ಮರೆತಿದೆ. ಕಟ್ಟಿಗೆ ಇಳಿಯುವುದು ಕರಗುವ ಪಿಷ್ಟ, ಒಂದಿಷ್ಟು ಪ್ರೋಟೀನು, ಖನಿಜಗಳು, ಸಿಪ್ಪೆಯ ಬಣ್ಣ. ಪ್ರೋಟೀನಿನ ಹೆಚ್ಚಿನ ಪಾಲು, ನಾರಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ತಲೆಗೆ 25 ಗ್ರಾಂ ಕಾಳಿನ ಲೆಕ್ಕದಲ್ಲಿ ಸಿಗಬೇಕಾದ ಐದೂವರೆ ಗ್ರಾಂ ಪ್ರೋಟೀನು ದಕ್ಕಬೇಕಾದರೆ ಕಾಳನ್ನೂ ತಿನ್ನಬೇಕು. ಹಗುರವೆಂದು ಕಟ್ಟನ್ನಷ್ಟೇ ಕುಡಿದು ಕಾಳನ್ನು ಎಸೆಯುವುದು ಎತ್ತಿಲ್ಲದ ಮನೆಯಲ್ಲಿ ಎತ್ತಿನ ಪಾಲು ತೆಗೆದಿಟ್ಟಂತೆ.

ಕಬ್ಬಿಣದ ಅಂಶವೂ ಹುರುಳಿಯಲ್ಲಿ ಚೆನ್ನಾಗಿದೆ, ಆದರೆ ಸಿಪ್ಪೆಯ ಒಗರು ಅದನ್ನು ಮೈಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ನಿಂಬೆ ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಬಿಡಿಸಿಕೊಡುತ್ತದೆ.

ಆಯುರ್ವೇದದ ಹಳೆಯ ಗ್ರಂಥಗಳು ಕುಲತ್ಥವನ್ನು ಉಷ್ಣವೆಂದು ಎಣಿಸಿ ಕೆಮ್ಮು, ಬಿಕ್ಕಳಿಕೆ, ಉಸಿರಾಟದ ತೊಂದರೆಗಳಿಗೆ ಹೇಳುತ್ತವೆ. ಬೇಸಿಗೆಯಲ್ಲಿ ಹುರುಳಿ ಬೇಡ, ಮಳೆ ಚಳಿಗೆ ಮಾತ್ರ ಎಂಬ ಮನೆಮಾತು ಅಲ್ಲಿಂದಲೇ ಬಂದಿರಬೇಕು. ಮೂತ್ರಪಿಂಡದ ಕಲ್ಲಿಗೆ ಹುರುಳಿ ನೀರು ಎಂಬುದೂ ಹಳೆಯ ಉಪಚಾರ. ದೊಡ್ಡ ಪ್ರಮಾಣದ ವೈದ್ಯಕೀಯ ಪ್ರಯೋಗಗಳ ಬಲ ಅದಕ್ಕೆ ಇನ್ನೂ ಇಲ್ಲ. ಕಲ್ಲಾದವರಿಗೆ ವೈದ್ಯರು ಹೇಳುವ ಮೊದಲ ಮಾತು ದಿನವಿಡೀ ಧಾರಾಳವಾಗಿ ನೀರು ಕುಡಿಯಿರಿ ಎಂಬುದು. ಲೋಟಗಟ್ಟಲೆ ಕಟ್ಟು ಕುಡಿದವರಿಗೆ ಸಿಕ್ಕ ಗುಣದಲ್ಲಿ ಆ ನೀರಿನ ಪಾಲೆಷ್ಟು, ಕಾಳಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಕಳೆದುಕೊಂಡದ್ದು

ಅವಸರದ ಸಾರು ಎಲ್ಲವನ್ನೂ ಉಳಿಸಿಕೊಳ್ಳುತ್ತದೆ ಎನ್ನುವುದು ಸುಳ್ಳು. ಮೂರು ದಿನ ಕುದಿದು ತುಟಿಗೆ ಅಂಟುವಷ್ಟು ಬತ್ತಿದ ಕಟ್ಟಿನ ಗಾಢತೆ ಐವತ್ತು ನಿಮಿಷಕ್ಕೆ ಬರುವುದಿಲ್ಲ. ಉಲವಚಾರಿನ ಕೆನೆ ತೆಗೆದರೆ ಅದು ಉಲವಚಾರೂ ಅಲ್ಲ. ಹಬ್ಬಕ್ಕೆ ಹಬ್ಬದ್ದೇ ಆಗಬೇಕು. ವಾರದ ನಡುವಿನ ಒಂದು ಮಳೆಯ ಸಂಜೆಗೆ ಬೇಕಾದ ಬಿಸಿ, ಹುಳಿ, ಖಾರ, ಬೆಳ್ಳುಳ್ಳಿಯ ಘಮ ಮಾತ್ರ ಈ ಚಿಕ್ಕ ದಾರಿಯಲ್ಲಿ ಒಂದಿಷ್ಟೂ ಕಮ್ಮಿಯಾಗುವುದಿಲ್ಲ.

ಆ ಗಾಢತೆಯೇ ಬೇಕೆನ್ನುವವರಿಗೆ ಮಲೆನಾಡಿನದೇ ಹಳೆಯ ಉಪಾಯವೊಂದು ಉಂಟು: ಕಟ್ಟನ್ನು ಉಪ್ಪು, ಹುಳಿ ಹಾಕಿ ಪಾಕದ ಹದಕ್ಕೆ ಬತ್ತಿಸಿ ಭರಣಿಯಲ್ಲಿಟ್ಟು, ಬೇಕಾದಾಗ ಬಿಸಿನೀರಿನಲ್ಲಿ ಕದಡಿಕೊಳ್ಳುವುದು. ಫ್ರಿಜ್ಜಿನ ಕಾಲದಲ್ಲಿ ಇದು ಇನ್ನೂ ಸಲೀಸು. ಬಿಡುವಿನ ದಿನ ಅರ್ಧ ಕಿಲೋ ಹುರುಳಿ ಬೇಯಿಸಿ, ಕಟ್ಟನ್ನು ಕಾಲು ಭಾಗಕ್ಕೆ ಇಳಿಸಿ, ಆರಿಸಿ, ಐಸ್ ಟ್ರೇಯಲ್ಲಿ ಗಟ್ಟಿಮಾಡಿಟ್ಟರೆ ತಿಂಗಳು ಕೆಡುವುದಿಲ್ಲ. ಎರಡು ತುಂಡಿಗೆ ಒಂದು ಲೋಟ ಬಿಸಿನೀರು, ಮೇಲೊಂದು ಒಗ್ಗರಣೆ: ಒಬ್ಬರ ಊಟಕ್ಕೆ ಐದು ನಿಮಿಷ.

ಬಸಿದ ಕಾಳಿಗೂ ಗತಿಯಾಗಬೇಕು. ಮೊದಲ ದಿನ ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಚಿಟಿಕೆ ತೆಂಗಿನ ತುರಿಯ ಪಲ್ಯ. ಮರುದಿನಕ್ಕೆ ಉಳಿದದ್ದನ್ನು ಸೊಪ್ಪಿನೊಂದಿಗೆ ಬಾಡಿಸಬಹುದು, ರೊಟ್ಟಿ ಹಿಟ್ಟಿಗೆ ಅರೆಬರೆ ರುಬ್ಬಿ ಕಲಸಬಹುದು. ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ಇಡುವುದಾದರೆ ನೀರನ್ನು ಪೂರ್ತಿ ಬಸಿದು ಫ್ರೀಜರಿಗೆ ಹಾಕಬೇಕು. ಬೆಂದ ಹುರುಳಿ ಹಳಸಿದರೆ ಎಷ್ಟು ಕುದಿಸಿದರೂ ವಾಸನೆ ಹೋಗುವುದಿಲ್ಲ.